ತಿರುಗುವ ಕದ, ಸರಿಯುವ ಕದ

ದಿನಕ್ಕೆ ಎಷ್ಟು ಸಲ ಬಾಗಿಲು ತೆರೆಯುತ್ತೇವೆ, ಎಷ್ಟು ಸಲ ಹಾಕುತ್ತೇವೆ ಎಂದು ಲೆಕ್ಕ ಇಟ್ಟವರು ಯಾರೂ ಇಲ್ಲ. ಕೋಟೆಗಳ ಇತಿಹಾಸ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಆ ಕೋಟೆಗಳ ಬಾಗಿಲನ್ನು ಒಡೆದು ಒಳನುಗ್ಗಿದವರ ಹೆಸರೂ ಇದೆ. ಆದರೆ ಬಾಗಿಲಿನದೇ ಒಂದು ಇತಿಹಾಸವಿದೆ ಎಂಬುದು ನಮಗೆ ಹೊಳೆಯುವುದಿಲ್ಲ. ಕಣ್ಣೆದುರಿಗೇ ಇರುವ ವಸ್ತುವಿಗೆ ಹೀಗಾಗುವುದು ಸಹಜ. ಇಂದು ಆ ಇತಿಹಾಸದ ಒಂದು ಸಣ್ಣ ಪ್ರಶ್ನೆಯನ್ನು ಕೈಗೆತ್ತಿಕೊಳ್ಳೋಣ. ನಮ್ಮ ಮನೆಗಳ ಬಾಗಿಲು ಸಾವಿರಾರು ವರ್ಷ ತಿರುಗುತ್ತಲೇ ಬಂತು. ಅದು ಸರಿಯಲು ಕಲಿತದ್ದು ತೀರ ಈಚೆಗೆ. ಏಕೆ?

ಬಾಗಲಕೋಟೆ ಜಿಲ್ಲೆಯ ರಬಕವಿ–ಬನಹಟ್ಟಿ ತಾಲ್ಲೂಕಿನಲ್ಲಿ ಚಿಮ್ಮಡ ಎಂಬ ಊರಿದೆ. ಈ ತಾಲ್ಲೂಕು ಈಚೆಗೆ ಆದದ್ದು. ಇದಕ್ಕೆ ಮೊದಲು ಇಲ್ಲಿಯ ಊರುಗಳು ಜಮಖಂಡಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿದ್ದವು. 1997ರವರೆಗೆ ಈ ಸೀಮೆಯೆಲ್ಲ ಅವಿಭಜಿತ ವಿಜಾಪುರ ಜಿಲ್ಲೆಗೆ ಸೇರಿತ್ತು. ಎರೆ ಮಣ್ಣು, ಕಬ್ಬು ಮತ್ತು ಮಗ್ಗ, ಈ ಮೂರು ಸೇರಿ ಇಲ್ಲಿಯ ಬದುಕನ್ನು ರೂಪಿಸಿವೆ. ಈ ಸೀಮೆಯ ಯಾವುದೇ ಊರಿನ ಹಳೆಯ ಓಣಿಯಲ್ಲಿ ಒಂದು ಮನೆಯನ್ನೂ ಹೊಸ ಬಡಾವಣೆಯಲ್ಲಿ ಇನ್ನೊಂದು ಮನೆಯನ್ನೂ ನೋಡಿದರೆ ಬಾಗಿಲಿನ ಎರಡು ಯುಗಗಳನ್ನು ಒಂದೇ ದಿನದಲ್ಲಿ ಕಂಡಂತಾಗುತ್ತದೆ. ಹಳೆಯ ಮನೆಯಲ್ಲಿ ದಪ್ಪ ಹಲಗೆಯ ಕದ ತನ್ನ ಮೂಲೆಯ ಮೇಲೆ ನಿಂತು ತಿರುಗುತ್ತದೆ. ಹೊಸ ಮನೆಯಲ್ಲಿ ಕಿಟಕಿಯ ಗಾಜು, ಬಟ್ಟೆಯ ಕಪಾಟಿನ ಬಾಗಿಲು, ಕೆಲವು ಕಡೆ ಪಡಸಾಲೆ ಮತ್ತು ಊಟದ ಕೋಣೆಗಳ ನಡುವಿನ ಬಾಗಿಲೂ ಪಕ್ಕಕ್ಕೆ ಸರಿಯುತ್ತವೆ.

ಸರಿಯುವ ಬಾಗಿಲುಗಳಲ್ಲಿ ಹಲವು ಬಗೆಗಳಿವೆ. ನಾವು ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ಜೋಡಿ ಕದದ ಬಗೆಯನ್ನು. ಇದರಲ್ಲಿ ಎರಡು ಕದಗಳು, ಎರಡು ಸಮಾನಾಂತರ ಗಾಡಿಗಳು. ಒಂದು ಕದ ಇನ್ನೊಂದರ ಮುಂದಿನಿಂದ ಹಾದು ಅದನ್ನು ದಾಟಿ ಹೋಗುತ್ತದೆ. ಇದು ಯಾವುದೋ ಪರದೇಶದ ಸೋಜಿಗವೆಂದು ತಿಳಿಯಬೇಡಿ. ಶಾಲೆಗೆ ಬಸ್ಸಿನಲ್ಲಿ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ಗೊತ್ತು. ಬಸ್ಸಿನ ಕಿಟಕಿಯಲ್ಲಿ ಎರಡು ಗಾಜು ಒಂದರ ಪಕ್ಕ ಒಂದು ಓಡುತ್ತವೆ. ಗಾಳಿ ಬರಲೆಂದು ನೀವು ನಿಮ್ಮ ಗಾಜನ್ನು ಹಿಂದಕ್ಕೆ ಸರಿಸಿದರೆ ಹಿಂದಿನ ಸೀಟಿನವರ ಕಿಟಕಿ ಮುಚ್ಚುತ್ತದೆ. ಅವರು ಅದನ್ನು ಮುಂದಕ್ಕೆ ತಳ್ಳುತ್ತಾರೆ, ನೀವು ಮತ್ತೆ ಹಿಂದಕ್ಕೆ. ಈ ಜಗಳದಲ್ಲೇ ಜೋಡಿ ಕದದ ಮೊದಲ ನಿಯಮ ಅಡಗಿದೆ: ಒಂದು ಸಲಕ್ಕೆ ಅರ್ಧ ಭಾಗವಷ್ಟೇ ತೆರೆದಿರಲು ಸಾಧ್ಯ.

ಮಣ್ಣಿನ ಗೋಡೆಯ ಬಾಗಿಲು

ಬಾಗಿಲನ್ನು ತಿಳಿಯಬೇಕಾದರೆ ಮೊದಲು ಗೋಡೆಯನ್ನು ನೋಡಬೇಕು. ಬಯಲುಸೀಮೆಯ ಹಳೆಯ ಮನೆಗಳು ಮೇಲ್ಮುದ್ದೆಯ ಮನೆಗಳು. ಕಲ್ಲು ಮಣ್ಣಿನಿಂದ ಎಬ್ಬಿಸಿದ, ಎರಡು ಮೂರು ಅಡಿ ದಪ್ಪದ ಗೋಡೆ. ಒಳಗೆ ಮರದ ಕಂಬಗಳು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ. ಬೇಸಗೆಯ ಬಿಸಿಲು ಒಳಗೆ ಇಳಿಯದಂತೆ ಕಿಟಕಿಗಳು ಕಡಿಮೆ. ಮಾಳಿಗೆಯ ಬೆಳಕಿಂಡಿಯಿಂದ ಬಂದಷ್ಟೇ ಬೆಳಕು. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ. ಅದಕ್ಕಿಂತ ಎರಡು ಮೂರು ಅಡಿ ಎತ್ತರಕ್ಕೆ ಪಡಸಾಲೆ. ಅದರಾಚೆ ಅಡುಗೆಮನೆ, ದೇವರ ಕೋಣೆ, ಕಾಳುಕಡಿ ಇಡುವ ಕತ್ತಲೆ ಕೋಣೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಷ್ಟು ದೊಡ್ಡ ಮನೆಯೊಳಗೆ ಬಾಗಿಲುಗಳು ಬಹಳ ಕಡಿಮೆ. ದನದ ಜಾಗ ಮತ್ತು ಜನರ ಜಾಗವನ್ನು ಬೇರೆ ಮಾಡುವುದು ಬಾಗಿಲಲ್ಲ, ಕಟ್ಟೆಯ ಎತ್ತರ. ಪಡಸಾಲೆಯಲ್ಲಿ ಹಿರಿಯರು ಕುಳಿತುಕೊಳ್ಳುವ ಸ್ಥಳ ಯಾವುದು, ಮಕ್ಕಳು ಮಲಗುವುದು ಎಲ್ಲಿ ಎಂಬುದನ್ನು ಹೇಳುವುದು ಗೋಡೆಯಲ್ಲ, ಕಂಬಗಳ ಅಂಕಣ ಮತ್ತು ಮನೆಯ ರೂಢಿ. ಬಾಗಿಲು ಬೇಕಾದದ್ದು ಎರಡೇ ಕಡೆ: ಹೊರಗಿನವರನ್ನು ತಡೆಯುವ ತಲೆಬಾಗಿಲಿನಲ್ಲಿ ಮತ್ತು ಕಾಳು, ಒಡವೆ, ದೇವರು ಇರುವ ಒಳಕೋಣೆಗಳಲ್ಲಿ. ಎರಡೂ ಕಡೆ ಬೇಕಾದ ಗುಣ ಒಂದೇ, ಗಟ್ಟಿತನ. ಆದ್ದರಿಂದ ಬಡಿಗೇರರು ತೇಗ, ಬೇವು, ಜಾಲಿಯಂಥ ಬಲವಾದ ಮರದಿಂದ ದಪ್ಪನೆಯ ಕದಗಳನ್ನು ಮಾಡಿದರು. ಚೌಕಟ್ಟಿಗೆ ಕೆತ್ತನೆ, ಹೊಸ್ತಿಲಿಗೆ ಅರಿಸಿನ ಕುಂಕುಮ, ಕದಕ್ಕೆ ಕಬ್ಬಿಣದ ಪಟ್ಟಿ ಮತ್ತು ಮೊಳೆ.

ದಿನವಿಡೀ ಈ ತಲೆಬಾಗಿಲು ತೆರೆದೇ ಇರುತ್ತಿತ್ತು. ಪೂರ್ತಿ ಹಾಕುವುದು ರಾತ್ರಿ ಮಾತ್ರ. ನಡುವೆ ಬೇಕಾದಾಗ ಅಜ್ಜಿ ಮೊಮ್ಮಗನಿಗೆ, "ತಮ್ಮಾ, ಬಾಗಲಾ ಮುಂದ ಮಾಡಿ ಬಾ" ಎನ್ನುತ್ತಿದ್ದಳು. ಮುಂದೆ ಮಾಡುವುದೆಂದರೆ ಅಗಳಿ ಹಾಕದೆ ಕದವನ್ನು ಸುಮ್ಮನೆ ಚೌಕಟ್ಟಿಗೆ ತಾಗಿಸುವುದು. ಕದವನ್ನು ಓರೆ ಮಾಡುವುದು ಇನ್ನೊಂದು ಬಗೆ. ನಮ್ಮ ಭಾಷೆಯ ಈ ಮಾತುಗಳೆಲ್ಲ ತಿರುಗುವ ಕದಕ್ಕೆ ಸೇರಿದವು. ಸರಿಯುವ ಕದವನ್ನು ಓರೆ ಮಾಡಲು ಬರುವುದಿಲ್ಲ. ಹೊಸ ಬಾಗಿಲು ಬಂದಾಗ ಹಳೆಯ ಮಾತೂ ಹಿಂದೆ ಸರಿಯುತ್ತದೆ.

ತಿರುಗಣಿಯ ಗುಟ್ಟು

ಹಳೆಯ ಕದಕ್ಕೆ ಬಿಜಾಗರಿ ಇರಲಿಲ್ಲ. ಕದದ ಒಂದು ಅಂಚಿನ ಮೇಲೆ ಮತ್ತು ಕೆಳಗೆ ಒಂದೊಂದು ದುಂಡನೆಯ ಗೂಟ ಹೊರಚಾಚಿರುತ್ತಿತ್ತು. ಕೆಳಗಿನ ಗೂಟ ಹೊಸ್ತಿಲಿನ ಅಥವಾ ಕಲ್ಲಿನ ಕುಳಿಯಲ್ಲಿ ಕುಳಿತರೆ, ಮೇಲಿನದು ಚೌಕಟ್ಟಿನ ತೂತಿನಲ್ಲಿ ಸೇರುತ್ತಿತ್ತು. ಇದೇ ತಿರುಗಣಿ. ಈ ಉಪಾಯ ಬಹಳ ಪ್ರಾಚೀನವಾದುದು. ಮೆಸೊಪೊಟೇಮಿಯಾದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅರಸರು ಇಂಥ ಕುಳಿಕಲ್ಲುಗಳ ಮೇಲೆ ತಮ್ಮ ಹೆಸರನ್ನು ಕೊರೆಯಿಸುತ್ತಿದ್ದರು. ಹರಪ್ಪ ಸಂಸ್ಕೃತಿಯ ನಗರಗಳಲ್ಲೂ ಬಾಗಿಲಿನ ಕುಳಿಕಲ್ಲುಗಳು ಸಿಕ್ಕಿವೆ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳಿಗೆ ಪ್ರವಾಸ ಹೋದಾಗ ಗುಡಿಗಳ ಶಿಲ್ಪಗಳನ್ನಷ್ಟೇ ನೋಡದೆ ಬಾಗಿಲುವಾಡದ ಮೂಲೆಗಳನ್ನೂ ಬಗ್ಗಿ ನೋಡಿ. ಮರದ ಕದ ನಿಂತಿದ್ದ ಗುರುತನ್ನು ಹುಡುಕಿ.

ಇಷ್ಟು ದೀರ್ಘ ಕಾಲ ಇಷ್ಟು ದೇಶಗಳಲ್ಲಿ ಈ ಉಪಾಯ ಉಳಿದುಬಂದದ್ದು ಬರಿಯ ರೂಢಿಯಿಂದಲ್ಲ. ಅದರ ಹಿಂದೆ ಸನ್ನೆಯ ತತ್ತ್ವವಿದೆ. ಒಂದು ಸರಳ ಲೆಕ್ಕ ಮಾಡೋಣ. ಕದದ ತೂಕ 60 ಕಿಲೋ ಎಂದಿಟ್ಟುಕೊಳ್ಳಿ. ಮರ, ಕಲ್ಲುಗಳ ನಡುವಿನ ಘರ್ಷಣೆಯ ಗುಣಾಂಕ ಸುಮಾರು 0.3 ಇರಲಿ. ಈ ಕದವನ್ನು ಒಂದು ಗಾಡಿಯಲ್ಲಿ ನಿಲ್ಲಿಸಿ ಪಕ್ಕಕ್ಕೆ ನೂಕಬೇಕಾದರೆ 60ರ 0.3 ಭಾಗ, ಅಂದರೆ 18 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಅದೇ ಕದ ತಿರುಗಣಿಯ ಮೇಲೆ ನಿಂತಾಗ ಘರ್ಷಣೆ ಉಂಟಾಗುವುದು ಗೂಟದ ಅಂಚಿನಲ್ಲಿ, ಅಂದರೆ ನಡುವಿನಿಂದ ಸುಮಾರು 2 ಸೆಂಟಿಮೀಟರು ದೂರದಲ್ಲಿ. ನಿಮ್ಮ ಕೈ ನೂಕುವುದು ಕದದ ಇನ್ನೊಂದು ಅಂಚಿನಲ್ಲಿ, 80 ಸೆಂಟಿಮೀಟರು ದೂರದಲ್ಲಿ. 80ಕ್ಕೂ 2ಕ್ಕೂ ಇರುವ ಅನುಪಾತ 40. ಹಾಗಾಗಿ ಬೇಕಾಗುವ ಬಲ 18 ಕಿಲೋದ ನಲವತ್ತನೇ ಒಂದು ಭಾಗ, ಅರ್ಧ ಕಿಲೋಗಿಂತಲೂ ಕಡಿಮೆ. ಗೂಟದ ಮೇಲೆ ಪಕ್ಕದಿಂದ ಬೀಳುವ ಒತ್ತಡವನ್ನು ಸೇರಿಸಿದರೂ ಒಂದು ಕಿಲೋ ದಾಟುವುದಿಲ್ಲ. ದೊಡ್ಡವರಿಬ್ಬರು ಸೇರಿ ಎತ್ತಬೇಕಾದ ಕದವನ್ನು ನಾಲ್ಕು ವರ್ಷದ ಮಗು ಒಂದು ಕೈಯಿಂದ ತೆರೆಯುವ ಗುಟ್ಟು ಇದೇ.

ಇದೇ ತತ್ತ್ವವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಜಮಖಂಡಿ ಸೀಮೆಯನ್ನು ಹಾದುಹೋಗುವ ಕೃಷ್ಣಾ ನದಿಗೆ ಮುಂದೆ ಆಲಮಟ್ಟಿಯಲ್ಲಿ ಅಣೆಕಟ್ಟು ಇದೆ. ಅದರ 26 ಗೇಟುಗಳು ಕಮಾನಿನಂತೆ ಬಾಗಿದ ಉಕ್ಕಿನ ಕದಗಳು. ಪ್ರತಿಯೊಂದೂ ತನ್ನ ತೋಳುಗಳ ತುದಿಯ ಕೀಲಿನ ಸುತ್ತ ತಿರುಗಿ ಮೇಲೇಳುತ್ತದೆ. ನೀರಿನ ಅಗಾಧ ಒತ್ತಡವೆಲ್ಲ ಕೀಲಿಗೆ ಹೋಗಿ ಸೇರುವುದರಿಂದ ಘರ್ಷಣೆ ಕೀಲಿನ ಸಣ್ಣ ಸುತ್ತಳತೆಗೆ ಸೀಮಿತವಾಗುತ್ತದೆ. ಹಳ್ಳಿಯ ಬಡಿಗೇರನ ತಿರುಗಣಿ ಮತ್ತು ಇಂಜಿನಿಯರನ ಗೇಟು ಒಂದೇ ವಂಶಕ್ಕೆ ಸೇರಿದವು.

ಸರಿಸುವುದು ಗೊತ್ತಿತ್ತು

ಹಾಗಾದರೆ ನಮ್ಮ ಹಿರಿಯರಿಗೆ ಹಲಗೆಯನ್ನು ಗಾಡಿಯಲ್ಲಿ ಸರಿಸುವ ವಿದ್ಯೆ ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ಅದಕ್ಕೆ ಮೂರು ಸಾಕ್ಷಿಗಳನ್ನು ಕೊಡಬಹುದು.

ಮೊದಲನೆಯದು ಆ ತಲೆಬಾಗಿಲಿನ ಹಿಂದೆಯೇ ಇದೆ. ಅದು ಅಗಳಿ. ಕದದ ಹಿಂದೆ ಅಡ್ಡಲಾಗಿ ಬರುವ ಉದ್ದನೆಯ ಮರದ ತೊಲೆ ಹಗಲೆಲ್ಲ ಪಕ್ಕದ ಗೋಡೆಯ ತೂತಿನೊಳಗೆ ಅಡಗಿರುತ್ತದೆ. ರಾತ್ರಿ ಅದನ್ನು ಹೊರಗೆಳೆದು ಎದುರಿನ ಗೋಡೆಯ ಕುಳಿಗೆ ಸೇರಿಸುತ್ತಾರೆ. ಗೋಡೆ ದಪ್ಪವಿದ್ದುದರಿಂದಲೇ ಇದು ಸಾಧ್ಯವಾಯಿತು. ಕೋಟೆಯ ದೊಡ್ಡ ಬಾಗಿಲುಗಳಿಗೂ ಇದೇ ಏರ್ಪಾಡು. ಅಂದರೆ ನಮ್ಮ ಬಾಗಿಲಿನಲ್ಲಿ ಕೆಲಸ ಹಂಚಿಕೆಯಾಗಿತ್ತು: ಭಾರವಾದ ಕದ ತಿರುಗುತ್ತದೆ, ಹಗುರವಾದ ಅಗಳಿ ಸರಿಯುತ್ತದೆ.

ಎರಡನೆಯದು ಪೇಟೆಯ ಅಂಗಡಿ. ಉರುಳು ಶಟರು ಬರುವ ಮೊದಲು ಅಂಗಡಿಯ ಮುಂಭಾಗವನ್ನು ಹಲಗೆಗಳಿಂದ ಮುಚ್ಚುತ್ತಿದ್ದರು. ಹೊಸ್ತಿಲಿನಲ್ಲೂ ಮೇಲಿನ ಅಡ್ಡಪಟ್ಟಿಯಲ್ಲೂ ಗಾಡಿ ಕೊರೆದಿರುತ್ತಿತ್ತು. ಹಲಗೆಗಳನ್ನು ಒಂದೊಂದಾಗಿ ಗಾಡಿಗೆ ಸೇರಿಸಿ ಪಕ್ಕಕ್ಕೆ ಸರಿಸಬೇಕು. ಕ್ರಮ ತಪ್ಪಬಾರದೆಂದು ಪ್ರತಿ ಹಲಗೆಯ ಮೇಲೆ 1, 2, 3 ಎಂದು ಅಂಕಿ ಬರೆದಿರುತ್ತಿತ್ತು. ಬೆಳಿಗ್ಗೆ ಹಲಗೆಗಳನ್ನು ತೆಗೆದರೆ ಅಂಗಡಿಯ ಅಗಲವೆಲ್ಲ ರಸ್ತೆಗೆ ತೆರೆದುಕೊಳ್ಳುತ್ತದೆ. ಕದ ತಿರುಗಲು ಜಾಗವಿಲ್ಲದ ಇಕ್ಕಟ್ಟಿನ ಪೇಟೆಯಲ್ಲಿ ವ್ಯಾಪಾರಿ ಕಂಡುಕೊಂಡ ದಾರಿ ಇದು. ಹಲಗೆಗಳನ್ನು ಬಿಡಿಬಿಡಿಯಾಗಿಟ್ಟದ್ದರಿಂದ ಒಂದೊಂದರ ತೂಕ ಒಬ್ಬ ಆಳಿನ ಕೈಗೆ ನಿಲುಕುವಷ್ಟಿತ್ತು ಎಂಬುದನ್ನು ಗಮನಿಸಿ.

ಈ ಹಲಗೆಗಳ ಉಪಾಯ ಎಷ್ಟು ಗಟ್ಟಿಯಾದುದು ಎಂಬುದನ್ನು 2024ರಲ್ಲಿ ಇಡೀ ಕರ್ನಾಟಕ ನೋಡಿತು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳು ಆಲಮಟ್ಟಿಯವುಗಳಂತೆ ತಿರುಗುವಂಥವಲ್ಲ, ಸರಪಳಿಯ ಆಧಾರದಲ್ಲಿ ಗಾಡಿಯೊಳಗೆ ಮೇಲೆ ಕೆಳಗೆ ಚಲಿಸುವಂಥವು. ಆ ವರ್ಷದ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ನೀರು ಹರಿಯುತ್ತಿರುವಾಗಲೇ, ಸುಮಾರು ಒಂದು ವಾರದಲ್ಲಿ, ಆ ಕಿಂಡಿಯನ್ನು ಮುಚ್ಚಿದರು. ಮುಚ್ಚಿದ್ದು ಉಕ್ಕಿನ ದೊಡ್ಡ ಹಲಗೆಗಳಿಂದ. ಒಂದನ್ನು ಇಳಿಸಿ, ಅದರ ಮೇಲೆ ಇನ್ನೊಂದನ್ನು ಇಳಿಸಿ ಕಿಂಡಿಯನ್ನು ತುಂಬಿದರು. ಹಳೆಯ ಪೇಟೆಯ ಅಂಗಡಿಕಾರ ಸಂಜೆ ಪಕ್ಕಪಕ್ಕಕ್ಕೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಕ್ರೇನಿನಿಂದ ಒಂದರ ಮೇಲೊಂದಾಗಿ ಮಾಡಿದರು.

ಮೂರನೆಯ ಸಾಕ್ಷಿ ಮಗ್ಗ. ರಬಕವಿ, ಬನಹಟ್ಟಿಗಳು ನೇಕಾರಿಕೆಗೆ ಹೆಸರಾದ ಊರುಗಳು. ಇದೇ ಜಿಲ್ಲೆಯ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳನ್ನು ಕೇಳದವರಿಲ್ಲ. ಹಳೆಯ ಕೈಮಗ್ಗದಲ್ಲಿ ನೇಕಾರ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಿಂದ ಹಿಡಿಯುತ್ತಿದ್ದ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬಾತ ಹಾರುವ ಲಾಳಿಗೆ ಪೇಟೆಂಟು ಪಡೆದ. ಅದರಲ್ಲಿ ಲಾಳಿ ಒಂದು ನುಣುಪಾದ ಹಲಗೆಯ ಮೇಲೆ, ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ, ಹಗ್ಗದ ಒಂದೇ ಜಗ್ಗಿಗೆ ಓಡುತ್ತದೆ. ಈ ತಂತ್ರ ಮುಂದೆ ನಮ್ಮ ಮಗ್ಗಗಳಿಗೂ ಬಂತು. ಲಾಳಿ ಹಗುರ, ಹಾದಿ ನುಣುಪು, ಗುರಿ ನೇರ. ಈ ಮೂರೂ ಇದ್ದರೆ ಮಾತ್ರ ಸರಿಯುವ ಚಲನೆ ಸುಗಮ. ಮೂರರಲ್ಲಿ ಒಂದು ತಪ್ಪಿದರೂ ಲಾಳಿ ಹಾರಿ ಹೊರಗೆ ಬೀಳುತ್ತದೆ. ನೇಕಾರರ ಮನೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಹಗುರ, ನುಣುಪು, ನೇರ ಎಂಬ ಈ ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ನಮ್ಮ ಹಳೆಯ ಮನೆಯ ಬಾಗಿಲಿಗೆ ಇವು ಮೂರೂ ಇರಲಿಲ್ಲ. ಕದ ಭಾರ. ಎರೆ ಮಣ್ಣಿನ ಧೂಳು ತುಂಬುವ ಹೊಸ್ತಿಲಿನ ಗಾಡಿ ಒಂದು ವಾರವೂ ನುಣುಪಾಗಿ ಉಳಿಯದು. ಮಳೆಗಾಲದಲ್ಲಿ ಉಬ್ಬುವ, ಬೇಸಗೆಯಲ್ಲಿ ಸೊಟ್ಟಗಾಗುವ ಮರ ನೇರವಾಗಿ ನಿಲ್ಲದು. ತಿರುಗುವ ಕದವನ್ನು ಬಿಟ್ಟು ಸರಿಯುವ ಕದಕ್ಕೆ ಹೋಗಲು ಕಾರಣವೇ ಇರಲಿಲ್ಲ.

ಜಪಾನಿನ ದಾರಿ

ಈ ಮೂರೂ ಗುಣಗಳು ಮನೆಯ ಬಾಗಿಲಿನಲ್ಲಿ ಕೂಡಿಬಂದ ದೇಶ ಜಪಾನ್. ಅಲ್ಲಿಯ ಹಳೆಯ ಮನೆಯೂ ಕಂಬ ತೊಲೆಗಳ ಮೇಲೆ ನಿಂತದ್ದೇ. ಆದರೆ ಕಂಬಗಳ ನಡುವಿನ ಜಾಗವನ್ನು ಅವರು ಮಣ್ಣಿನ ದಪ್ಪ ಗೋಡೆಯಿಂದ ಮುಚ್ಚದೆ ಹಗುರವಾದ ಸರಿಯುವ ಕದಗಳಿಂದ ತುಂಬಿದರು. ತೆಳುವಾದ ಮರದ ಚೌಕಟ್ಟಿಗೆ ಒಂದೇ ಪದರ ಬಿಳಿ ಕಾಗದ ಅಂಟಿಸಿದರೆ ಅದು ಬೆಳಕು ಬಿಡುವ ಶೋಜಿ. ಎರಡೂ ಕಡೆ ದಪ್ಪ ಕಾಗದ ಅಥವಾ ಬಟ್ಟೆ ಹೊದಿಸಿದರೆ ಕೋಣೆಗಳನ್ನು ಬೇರೆ ಮಾಡುವ ಫುಸುಮ. ಕೆಳಗಿನ ಮತ್ತು ಮೇಲಿನ ಪಟ್ಟಿಗಳಲ್ಲಿ ಎರಡೆರಡು ಗಾಡಿಗಳು. ಜೋಡಿ ಕದಗಳು ಒಂದನ್ನೊಂದು ದಾಟುತ್ತವೆ. 15ನೇ ಶತಮಾನದ ಹೊತ್ತಿಗೆ ಈ ಪದ್ಧತಿ ಅಲ್ಲಿ ಬೇರೂರಿತ್ತು. ಉದ್ದಕ್ಕೂ ಒಂದೇ ಅಳತೆಯ ಗಾಡಿಯನ್ನು ನುಣುಪಾಗಿ ತೆಗೆಯಬಲ್ಲ ಬಡಗಿಯ ಉಪಕರಣಗಳು ಸುಧಾರಿಸಿದಂತೆ ಅದು ವ್ಯಾಪಕವಾಯಿತು.

ಇದರಲ್ಲಿ ಒಂದು ಜಾಣತನವಿದೆ. ಮೇಲಿನ ಗಾಡಿ ಕೆಳಗಿನದಕ್ಕಿಂತ ಹೆಚ್ಚು ಆಳ. ಕದವನ್ನು ಎತ್ತಿ ಮೇಲಿನ ಗಾಡಿಗೆ ತೂರಿಸಿ ಕೆಳಗೆ ಇಳಿಸಿದರೆ ಕೂಡುತ್ತದೆ. ಮತ್ತೆ ಎತ್ತಿದರೆ ಹೊರಬರುತ್ತದೆ. ಮನೆಯಲ್ಲಿ ಸಮಾರಂಭವಿದ್ದರೆ ಕದಗಳನ್ನೆಲ್ಲ ತೆಗೆದಿಟ್ಟು ಮೂರು ಕೋಣೆಗಳನ್ನು ಒಂದು ಸಭಾಂಗಣ ಮಾಡಬಹುದು. 1880ರ ದಶಕದಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಎಡ್ವರ್ಡ್ ಮೋರ್ಸ್ ಜಪಾನಿನ ಮನೆಗಳ ಬಗ್ಗೆ ಚಿತ್ರಗಳ ಸಹಿತ ಒಂದು ಪುಸ್ತಕವನ್ನೇ ಬರೆದು ಇಂಥ ವಿವರಗಳನ್ನು ಪಶ್ಚಿಮದ ಓದುಗರಿಗೆ ಪರಿಚಯಿಸಿದ. ಚಿಪ್ಪುಪ್ರಾಣಿಗಳನ್ನು ಅಭ್ಯಸಿಸಲು ಹೋದ ವಿಜ್ಞಾನಿ ಬಡಗಿಯ ಗಾಡಿಯನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದದ್ದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಆದರೆ ಕಾಗದದ ಕದ ಕಳ್ಳನನ್ನು ತಡೆಯದು, ಪಕ್ಕದ ಕೋಣೆಯ ಮಾತನ್ನೂ ತಡೆಯದು. ರಾತ್ರಿ ಹೊರಗಿನ ಅಂಚಿನಲ್ಲಿ ಮರದ ಹಲಗೆಯ ಕದಗಳನ್ನು ಸರಿಸಿ ಮುಚ್ಚುತ್ತಿದ್ದರು. ಪಿಸುಮಾತು ಕೇಳಿಸಿದರೂ ಕೇಳದಂತೆ ಇರುವುದು ಮನೆಯವರ ಸಂಸ್ಕಾರವಾಗಿತ್ತು. ನಮ್ಮ ಪಡಸಾಲೆಯಲ್ಲಿ ಕಂಬಗಳ ನಡುವೆ ರೂಢಿ ಮಾಡಿದ ಕೆಲಸವನ್ನು ಅಲ್ಲಿ ಕಾಗದ ಮತ್ತು ರೂಢಿ ಎರಡೂ ಸೇರಿ ಮಾಡಿದವು.

ಗಾಲಿ, ಗಾಜು, ಅಲ್ಯೂಮಿನಿಯಂ

ಭಾರವಾದ ಕದವೂ ಸರಿಯಬೇಕಾದರೆ ಕೆಳಗೆ ಗಾಲಿ ಬೇಕು. 1794ರಲ್ಲಿ ವೇಲ್ಸ್‌ನ ಫಿಲಿಪ್ ವಾನ್ ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ಬಾಲ್ ಬೇರಿಂಗಿಗೆ ಪೇಟೆಂಟು ಪಡೆದ. ಬೇರಿಂಗು ಚಿಕ್ಕದಾಗಿ, ಅಗ್ಗವಾಗಿ ತಯಾರಾಗತೊಡಗಿದ ಮೇಲೆ ಅದು ಬಾಗಿಲಿನ ಅಡಿಗೂ ಬಂತು. 60 ಕಿಲೋ ಕದಕ್ಕೆ 18 ಕಿಲೋ ಬಲ ಬೇಕೆಂದು ಲೆಕ್ಕ ಮಾಡಿದೆವಲ್ಲ, ಒಳ್ಳೆಯ ಗಾಲಿಗಳಿದ್ದರೆ ಅದು ಒಂದೆರಡು ಕಿಲೋಗೆ ಇಳಿಯುತ್ತದೆ. ಸನ್ನೆ ಇಲ್ಲದ ಕೊರತೆಯನ್ನು ಗಾಲಿ ತುಂಬಿತು.

1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಎಂಬ ಇಬ್ಬರು ತರುಣರು ಪರಸ್ಪರ ಪರಿಚಯವಿಲ್ಲದೆಯೇ ವಿದ್ಯುತ್ತಿನಿಂದ ಅಲ್ಯೂಮಿನಿಯಂ ಬೇರ್ಪಡಿಸುವ ಒಂದೇ ವಿಧಾನವನ್ನು ಕಂಡುಹಿಡಿದರು. ಚಿನ್ನದಷ್ಟು ಅಪರೂಪವಾಗಿದ್ದ ಲೋಹ ಅಡುಗೆಮನೆಗೂ ಕಿಟಕಿಗೂ ಬಂತು. ಇದು ಮಳೆಗೆ ಉಬ್ಬುವುದಿಲ್ಲ, ತುಕ್ಕು ಹಿಡಿದು ಉದುರುವುದಿಲ್ಲ. ಬೇಕಾದ ಆಕಾರದ ಗಾಡಿಯನ್ನು ಉದ್ದಕ್ಕೂ ಒಂದೇ ಅಳತೆಯಲ್ಲಿ ಎಳೆಯಬಹುದು. 1970ರ ಹೊತ್ತಿಗೆ ಬೆಳಗಾವಿಯಲ್ಲೇ ಅಲ್ಯೂಮಿನಿಯಂ ಕಾರ್ಖಾನೆ ಆರಂಭವಾಯಿತು. ಗಾಜಿನ ಕಥೆಯೂ ಹೀಗೆಯೇ. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿತು. ಉಜ್ಜಿ ನುಣುಪು ಮಾಡುವ ಖರ್ಚಿಲ್ಲದೆ ಸಮತಟ್ಟಾದ ಗಾಜು ದೊರೆಯುವಂತಾಯಿತು.

ನಮ್ಮ ಮಧ್ಯಮ ವರ್ಗದ ಮನೆಯೊಳಗೆ ಜೋಡಿ ಕದ ಮೊದಲು ಕಾಲಿಟ್ಟದ್ದು ಬಾಗಿಲಾಗಿ ಅಲ್ಲ, ಶೋಕೇಸಾಗಿ. 1970, 80ರ ದಶಕಗಳ ಮನೆಗಳಲ್ಲಿ ಗೋಡೆಯ ಗೂಡಿಗೆ ಎರಡು ಗಾಜು, ಪ್ಲೈವುಡ್ಡಿನಲ್ಲಿ ಎರಡು ಗಾಡಿ, ಗಾಜಿನಲ್ಲಿ ಬೆರಳಿಡಲು ಒಂದು ಸಣ್ಣ ಗುಳಿ. ಒಳಗೆ ಚನ್ನಪಟ್ಟಣದ ಗೊಂಬೆ, ಶಾಲೆಯಲ್ಲಿ ಗೆದ್ದ ಕಪ್ಪು, ಅತಿಥಿಗಳಿಗೆಂದೇ ಇಟ್ಟ ಪಿಂಗಾಣಿ ಬಟ್ಟಲುಗಳು. ಆಮೇಲೆ ಅದೇ ತಂತ್ರ ಕಿಟಕಿಗೆ ಬಂತು, ಬಟ್ಟೆಯ ಕಪಾಟಿಗೆ ಬಂತು, ಕೊನೆಗೆ ಕೋಣೆಯ ಬಾಗಿಲಿಗೂ ಬಂತು.

ಇದರೊಂದಿಗೆ ಗೋಡೆಯೂ ಬದಲಾಗಿತ್ತು. ಸಿಮೆಂಟು, ಇಟ್ಟಿಗೆಗಳ ಮನೆಯಲ್ಲಿ ಒಳಗೋಡೆ ಒಂದು ಗೇಣಿಗಿಂತ ತೆಳು. ಅಗಳಿ ಅಡಗಲು ಅಲ್ಲಿ ಜಾಗವಿಲ್ಲ. ನೆಲ ಮಟ್ಟಸವಾಗಿದೆ, ಕಟ್ಟೆಯ ಎತ್ತರ ಹೋಗಿದೆ. ಎತ್ತರ ಮತ್ತು ರೂಢಿ ಮಾಡುತ್ತಿದ್ದ ವಿಂಗಡಣೆಯನ್ನು ಈಗ ಬಾಗಿಲೇ ಮಾಡಬೇಕು. ಓದುವ ಮಗಳಿಗೊಂದು ಕೋಣೆ, ಹಿರಿಯರಿಗೊಂದು ಕೋಣೆ, ಎಲ್ಲಕ್ಕೂ ಒಂದೊಂದು ಬಾಗಿಲು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬಾಗಲಕೋಟೆ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಹಾಳಾದವು. ನೀರಿನಲ್ಲಿ ನೆನೆದ ಮಣ್ಣಿನ ಗೋಡೆ ಕರಗಿ ಕುಸಿಯಿತು. ಹಾಗೆ ಮನೆ ಕಳೆದುಕೊಂಡವರು ಮತ್ತೆ ಕಟ್ಟುವಾಗ ಆರಿಸಿಕೊಳ್ಳುವುದು ಸಿಮೆಂಟನ್ನೇ. ಅವರ ನಿವೇಶನ ಚಿಕ್ಕದು, ಹಣ ಎಣಿಕೆಯದು. ಯಾವ ಬಾಗಿಲು ಹಾಕಬೇಕು ಎಂಬುದು ಅವರಿಗೆ ಅಲಂಕಾರದ ಪ್ರಶ್ನೆಯಲ್ಲ.

ಇಂದಿನ ಮನೆಯಲ್ಲಿ

ಸರಿಯುವ ಬಾಗಿಲಿನ ದೊಡ್ಡ ಲಾಭ ಜಾಗದ್ದು. 3 ಅಡಿ ಅಗಲದ ಕದ ತಿರುಗಿ ತೆರೆಯಬೇಕಾದರೆ ಕಾಲು ವೃತ್ತದಷ್ಟು ನೆಲ ಖಾಲಿ ಇರಬೇಕು. ಅದರ ವಿಸ್ತೀರ್ಣ ಸುಮಾರು 7 ಚದರ ಅಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ಇದು ನೂರಕ್ಕೆ ಏಳು ಭಾಗ. ಕಪಾಟಿನ ಕದಗಳನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಮಗ್ಗವೂ ಸಂಸಾರವೂ ಒಂದೇ ಸೂರಿನ ಅಡಿ ಇರುವ ಮನೆಯಲ್ಲಿ ಆ 7 ಚದರ ಅಡಿಯ ಬೆಲೆ ಏನೆಂದು ಮನೆಯವರೇ ಬಲ್ಲರು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ಕೋಲು ಹಿಡಿದು ನಡೆಯುವ ಅಜ್ಜನಿಗೆ ಕದವನ್ನು ತನ್ನ ಕಡೆಗೆ ಎಳೆದುಕೊಂಡು ಹಿಂದೆ ಸರಿಯುವ ಕಷ್ಟ ತಪ್ಪುತ್ತದೆ. ಆದರೆ ಅವರಿಗಾಗಿ ಹಾಕಿಸುವಾಗ ಗಾಡಿ ನೆಲದಿಂದ ಮೇಲೆದ್ದಿರಬಾರದು; ಎದ್ದರೆ ಅದೇ ಎಡವುವ ಹೊಸ್ತಿಲಾಗುತ್ತದೆ. ಮೇಲಿನ ಕಂಬಿಗೆ ತೂಗುಬಿಟ್ಟ ಕದ ಇಂಥಲ್ಲಿ ಲೇಸು. ಭಾರವೆಲ್ಲ ಮೇಲೆ ಬೀಳುವುದರಿಂದ ಆ ಕಂಬಿಯನ್ನು ಗಟ್ಟಿಯಾದ ತೊಲೆಗೇ ಬಿಗಿಯಬೇಕು.

ನಷ್ಟಗಳೂ ಇವೆ. ಬಸ್ಸಿನ ಕಿಟಕಿಯ ನಿಯಮ ಇಲ್ಲಿಯೂ ನಿಲ್ಲುತ್ತದೆ: 6 ಅಡಿ ಅಗಲದ ಬಾಗಿಲುವಾಡದಲ್ಲಿ ದಾರಿ ಸಿಗುವುದು 3 ಅಡಿಗಿಂತ ಸ್ವಲ್ಪ ಕಡಿಮೆ. ಮಂಚ, ಕಪಾಟು ಸಾಗಿಸುವ ದಿನ ಇದು ತಿಳಿಯುತ್ತದೆ. ಎರಡು ಕದಗಳ ನಡುವೆ ಸಂದು ಉಳಿಯುವುದರಿಂದ ಧೂಳು, ಸೊಳ್ಳೆ, ಸದ್ದು ಒಳಗೆ ಬರುತ್ತವೆ. ನಮ್ಮ ದೂರದರ್ಶನದ ಕೆಲಸದಲ್ಲಿ ಸದ್ದು ಹೊರಗಿಡಬೇಕಾದ ಕಡೆ ರಬ್ಬರಿನ ಅಂಚಿಗೆ ಬಿಗಿಯಾಗಿ ಒತ್ತಿಕೊಳ್ಳುವ ತಿರುಗುವ ಕದವನ್ನೇ ನೆಚ್ಚುತ್ತೇವೆ. ವಿದ್ಯುತ್ ಮಗ್ಗದ ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುವ ವಿದ್ಯಾರ್ಥಿಗೂ ಅದೇ ಬೇಕು. ಕೆಳಗಿನ ಗಾಡಿಯಲ್ಲಿ ಎರೆ ಮಣ್ಣಿನ ಧೂಳು, ಹತ್ತಿಯ ನವಿರು ಎಳೆ ತುಂಬಿ ಗಾಲಿ ಸಿಕ್ಕಿಕೊಳ್ಳುತ್ತದೆ. ವಾರಕ್ಕೊಮ್ಮೆ ಒಣ ಕುಂಚದಿಂದ ತೆಗೆಯಬೇಕು. ಎಣ್ಣೆ ಬಿಟ್ಟರೆ ಧೂಳು ಇನ್ನಷ್ಟು ಅಂಟುತ್ತದೆ.

ಭದ್ರತೆಯ ಮಾತು ಮುಖ್ಯ. ಎತ್ತಿ ತೆಗೆಯಬಹುದಾದ ಜಪಾನಿ ಕದದ ಜಾಣತನವೇ ಹೊರಬಾಗಿಲಿನಲ್ಲಿ ದೋಷವಾಗುತ್ತದೆ. ಕಳ್ಳನೂ ಎತ್ತಬಲ್ಲ. ಹೊರಗೆ ತೆರೆಯುವ ಕಡೆ ಹಾಕಿಸಿದರೆ ಮೇಲಿನ ಗಾಡಿಯಲ್ಲಿ ಕದ ಏಳದಂತೆ ತಡೆಗಟ್ಟೆ ಇರಲೇಬೇಕು. ಅವಘಡದಲ್ಲಿ ಕತ್ತಲಲ್ಲಿ ಓಡುವವರು ಕದವನ್ನು ಮುಂದಕ್ಕೆ ನೂಕುತ್ತಾರೆಯೇ ಹೊರತು ಪಕ್ಕಕ್ಕೆ ಸರಿಸಲು ಯೋಚಿಸುವುದಿಲ್ಲ. ಹೊರಗೋಡುವ ದಾರಿಯಲ್ಲಿ ತಿರುಗುವ ಬಾಗಿಲೇ ಇರಲಿ.

ಹೀಗೆ ನೋಡಿದರೆ ಹಳೆಯದು ದಡ್ಡತನ, ಹೊಸದು ಜಾಣತನ ಎಂಬ ತೀರ್ಪು ನಿಲ್ಲುವುದಿಲ್ಲ. ಚಿಮ್ಮಡದ ಬಡಿಗೇರನಿಗೆ ಇದ್ದದ್ದು ಭಾರವಾದ ಮರ, ಧೂಳಿನ ನೆಲ, ದಪ್ಪ ಗೋಡೆ. ಅವನು ತಿರುಗಣಿಯನ್ನು ನೆಚ್ಚಿದ. ಕ್ಯೋಟೋದ ಬಡಗಿಗೆ ಇದ್ದದ್ದು ಕಾಗದ, ನುಣುಪು ಪಟ್ಟಿ, ತೆರೆದ ಕಂಬಸಾಲು. ಅವನು ಗಾಡಿಯನ್ನು ಕೊರೆದ. ಇಬ್ಬರ ಲೆಕ್ಕವೂ ಸರಿ. ಇಂದು ನಮ್ಮ ಕೈಗೆ ಗಾಲಿ, ಲೋಹ, ಗಾಜುಗಳು ಬಂದಿರುವುದರಿಂದ ಎರಡೂ ದಾರಿಗಳು ತೆರೆದಿವೆ. ಜಾಗ ಇಕ್ಕಟ್ಟಾದ ಒಳಗಿನ ಕೋಣೆಗೆ, ಕಪಾಟಿಗೆ ಸರಿಯುವ ಜೋಡಿ ಕದ. ಕಾಯುವ, ಮುಚ್ಚುವ, ಸದ್ದಡಗಿಸುವ ಕಡೆ ತಿರುಗುವ ಕದ.

ಹಳೆಯ ಮನೆ ಕೆಡವುವಾಗ ಆ ತೇಗದ ತಲೆಬಾಗಿಲನ್ನು ಕಟ್ಟಿಗೆಯ ಬೆಲೆಗೆ ಮಾರಿಬಿಡುವವರಿದ್ದಾರೆ. ಮಾರುವ ಮೊದಲು ಒಂದು ಕೆಲಸ ಮಾಡಿ. ಕದದ ಎತ್ತರ, ಅಗಲ, ದಪ್ಪ, ತಿರುಗಣಿಯ ಸುತ್ತಳತೆ, ಅಗಳಿಯ ಉದ್ದಗಳನ್ನು ಅಳೆದು ಬರೆದಿಡಿ. ಅದಕ್ಕೆ ಏನೆನ್ನುತ್ತಿದ್ದರು, ಯಾವ ಮರ, ಯಾವ ಮನೆತನದ ಬಡಿಗೇರರು ಮಾಡಿದರು ಎಂದು ಮನೆಯ ಹಿರಿಯರನ್ನು ಕೇಳಿ. ತಕ್ಕಡಿಯ ಕೊಕ್ಕೆಯನ್ನು ಕದದ ಅಂಚಿಗೆ ಸಿಕ್ಕಿಸಿ ಎಳೆದು ಎಷ್ಟು ಕಿಲೋ ಬಲ ಬೇಕಾಯಿತೆಂದು ನೋಡಿ. ಹೊಸ ಮನೆಯ ಸರಿಯುವ ಕದಕ್ಕೂ ಹಾಗೆಯೇ ಮಾಡಿ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಪಠ್ಯಪುಸ್ತಕದಲ್ಲಿ ಬರೆಯದ ಇತಿಹಾಸದ ಒಂದು ಪುಟ ನಿಮ್ಮ ಕೈಬರಹದಲ್ಲಿ ಇರುತ್ತದೆ.